ಆಸ್ಪತ್ರೆ ಬಿಲ್ಲಿನ ಕೊನೆಯ ಸಾಲು: ವೈದ್ಯಕೀಯ ತ್ಯಾಜ್ಯಕ್ಕೆ ನಾವೇಕೆ ಹಣ ಕೊಡಬೇಕು?



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳ ಜೊತೆಗಿನ ಬಿಲ್ಲುಗಳನ್ನು ಪರಿಶೀಲಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಬ್ಯಾಂಕಿನಲ್ಲಿ 36 ವರ್ಷ ವೋಚರುಗಳನ್ನು ನೋಡಿದ ಕಣ್ಣು, ಬಿಲ್ಲಿನ ಒಂದು ಸಾಲನ್ನೂ ಬಿಡುವುದಿಲ್ಲ. ಕೊಠಡಿ ಬಾಡಿಗೆ, ವೈದ್ಯರ ಶುಲ್ಕ, ಔಷಧ, ಲ್ಯಾಬ್ ಎಲ್ಲ ಮುಗಿದ ಮೇಲೆ ಕೆಲವು ಬಿಲ್ಲುಗಳ ಕೊನೆಯಲ್ಲಿ ‘ಬಯೋಮೆಡಿಕಲ್ ವೇಸ್ಟ್’ ಎಂಬ ಒಂದು ಸಾಲು ಇರುತ್ತದೆ. ಕಳೆದ ಸರ್ವಸದಸ್ಯರ ಸಭೆಯಲ್ಲಿ ಹಿರಿಯ ದಾನಿಯೊಬ್ಬರು ಇದನ್ನೇ ಎತ್ತಿ ಕೇಳಿದರು: “ಸ್ವಾಮಿ, ನಾವು ಕೊಡುವುದು ರೋಗಿಯ ಔಷಧಕ್ಕೆ. ಆಸ್ಪತ್ರೆಯ ಕಸಕ್ಕೂ ನಾವೇ ಕೊಡಬೇಕೇ?”

ಪ್ರಶ್ನೆ ನ್ಯಾಯವಾದದ್ದೇ. ಕೊಟ್ಟ ಹಣ ಎಲ್ಲಿಗೆ ಹೋಯಿತು ಎಂದು ಕೇಳುವುದು ದಾನಿಯ ಹಕ್ಕು, ಲೆಕ್ಕ ಹೇಳುವುದು ನಮ್ಮ ಕರ್ತವ್ಯ. ಸಭೆಯಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಎಂಜಿನಿಯರನೂ ಅಲ್ಲ, ವಾಣಿಜ್ಯ ಪದವೀಧರ. ನಿಯಮಗಳನ್ನು ಓದಿ, ತಿಳಿದವರನ್ನು ಕೇಳಿ ಅರ್ಥಮಾಡಿಕೊಂಡದ್ದನ್ನು ನಮ್ಮ ಭಾಷೆಯಲ್ಲಿ ಹೇಳುವ ಪ್ರಯತ್ನ ಇದು.

ನೂರರಲ್ಲಿ ಹದಿನೈದು

ಆಸ್ಪತ್ರೆಯಿಂದ ಹೊರಬೀಳುವ ಕಸವೆಲ್ಲ ಅಪಾಯಕಾರಿ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸುಮಾರು 85 ಪಾಲು ನಮ್ಮ ಮನೆಯ ಕಸದಂಥದ್ದೇ: ಕಾಗದ, ಊಟದ ಎಲೆ, ಹಣ್ಣಿನ ಸಿಪ್ಪೆ, ಖಾಲಿ ರಟ್ಟಿನ ಪೆಟ್ಟಿಗೆ. ಉಳಿದ 15 ಪಾಲು ಮಾತ್ರ ಸೋಂಕು, ವಿಷ ಅಥವಾ ವಿಕಿರಣದ ಅಪಾಯ ಉಳ್ಳದ್ದು.

ಲೆಕ್ಕ ಇಲ್ಲಿಂದಲೇ ಶುರುವಾಗುತ್ತದೆ. ನೂರು ಕಿಲೋ ಕಸದಲ್ಲಿ 15 ಕಿಲೋವನ್ನು ಬೇರೆ ಇಟ್ಟರೆ ವಿಶೇಷ ವಿಲೇವಾರಿ ಬೇಕಾಗುವುದು 15 ಕಿಲೋಗೆ ಮಾತ್ರ. ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿದರೆ ನೂರಕ್ಕೆ ನೂರೂ ಸೋಂಕಿನ ಕಸ. ಒಂದು ತೊಟ್ಟು ಹುಳಿ ಬಿದ್ದರೆ ಒಂದು ಕೊಡ ಹಾಲೂ ಕೆಟ್ಟಂತೆ.

ನಾನು ಸೇವೆಗೆ ಸೇರಿದ ಕಾಲದಲ್ಲಿ ಕ್ಯಾಶ್ ಕೌಂಟರಿನಲ್ಲಿ ನೋಟುಗಳನ್ನು ಬಂದ ಕೂಡಲೇ ವಿಂಗಡಿಸುತ್ತಿದ್ದೆವು. ಮತ್ತೆ ಕೊಡಬಹುದಾದ ನೋಟು ಒಂದು ಕಟ್ಟು, ಕೊಳೆಯಾದದ್ದು ಒಂದು ಕಟ್ಟು, ಹರಿದದ್ದು ಇನ್ನೊಂದು. ಸಂಜೆಗೆ ಎಲ್ಲ ಕಲೆಸಿ ಆಮೇಲೆ ಬೇರೆ ಮಾಡೋಣ ಎಂದರೆ ಆಗುವ ಮಾತಲ್ಲ. ವೈದ್ಯಕೀಯ ತ್ಯಾಜ್ಯದ ನಿಯಮವೂ ಇದನ್ನೇ ಹೇಳುತ್ತದೆ: ಕಸ ಹುಟ್ಟಿದ ಜಾಗದಲ್ಲಿಯೇ, ಹುಟ್ಟಿದ ಗಳಿಗೆಯಲ್ಲಿಯೇ ಬೇರೆಯಾಗಬೇಕು.

ನಾಲ್ಕು ಬಣ್ಣ

ನಮ್ಮ ದೇಶದಲ್ಲಿ ಇದಕ್ಕೆ ಮೊದಲ ನಿಯಮಾವಳಿ ಬಂದದ್ದು 1998ರಲ್ಲಿ. ಅದರ ಬದಲಿಗೆ 2016ರ ಮಾರ್ಚ್ 28ರಂದು ಹೊಸ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಪ್ರಕಟವಾದವು. ಅವುಗಳ ಪ್ರಕಾರ ಬಣ್ಣ ನಾಲ್ಕು. ನಮ್ಮ ನಿಧಿಯಿಂದ ನೆರವು ಪಡೆಯುವವರಲ್ಲಿ ಡಯಾಲಿಸಿಸ್ ರೋಗಿಗಳು ಹಲವರು ಇರುವುದರಿಂದ ಆ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಸುಮಾರು ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ನಲ್ಲಿ ಈ ನಾಲ್ಕೂ ಬಣ್ಣಗಳು ಬಂದುಹೋಗುತ್ತವೆ.

ರಕ್ತ ಅಂಟಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ದೇಹದ ಭಾಗಗಳು, ಅವಧಿ ಮೀರಿದ ಔಷಧಗಳು, ಪ್ರಯೋಗಾಲಯದ ಸೋಂಕಿನ ವಸ್ತುಗಳು ಕೂಡ ಹಳದಿಗೇ. ಮುಖ್ಯವಾಗಿ ಸುಡಲು ಹೋಗುವುದು ಈ ಬಣ್ಣ.

ರಕ್ತ ಹರಿದ ಪ್ಲಾಸ್ಟಿಕ್ ಕೊಳವೆ, ಡಯಲೈಸರ್, ಕೈಗವಸು, ಸೂಜಿ ತೆಗೆದ ಸಿರಿಂಜು ಕೆಂಪು ಚೀಲಕ್ಕೆ. ಇವನ್ನು ಸುಡುವಂತಿಲ್ಲ. ಆಟೋಕ್ಲೇವ್ ಎಂಬ, ನಮ್ಮ ಪ್ರೆಷರ್ ಕುಕ್ಕರಿನ ದೊಡ್ಡಣ್ಣನಂಥ ಯಂತ್ರದಲ್ಲಿ ಹಬೆಯಿಂದ ಸೋಂಕು ಕಳೆದು, ಚೂರು ಚೂರು ಮಾಡಿ, ಮರುಬಳಕೆಗೆ ಕಳಿಸಬೇಕು.

ಸೂಜಿ, ಬ್ಲೇಡು ಮೊದಲಾದ ಚುಚ್ಚುವ ವಸ್ತುಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ. ಹೆಪಾರಿನ್‌ನಂಥ ಔಷಧದ ಗಾಜಿನ ಬಾಟಲಿ ನೀಲಿ ಗುರುತಿನ ಪೆಟ್ಟಿಗೆಗೆ.

ವಾರಕ್ಕೆ ಎರಡು ಅಥವಾ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವ ಒಬ್ಬ ರೋಗಿಯ ಹಿಂದೆ ವರ್ಷವಿಡೀ ಈ ನಾಲ್ಕು ಸಾಲುಗಳು ಸಾಗುತ್ತಿರುತ್ತವೆ. ಆ ಚಿಕಿತ್ಸೆಗೆ ನೆರವು ಕೊಡುವ ನಾವು ಅದರ ಬಾಲವನ್ನು ಮಾತ್ರ ನಮ್ಮದಲ್ಲ ಎನ್ನುವುದು ಕಷ್ಟ.

ಕ್ಯಾನ್ಸರ್ ರೋಗಿಗಳ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. ಕೀಮೋಥೆರಪಿಯ ಔಷಧಗಳು ಜೀವಕೋಶವನ್ನು ಕೊಲ್ಲುವಂಥವು. ಅವುಗಳಲ್ಲಿ ಉಳಿದದ್ದನ್ನು ಪ್ರತ್ಯೇಕ ಗುರುತಿನ ಹಳದಿ ಚೀಲದಲ್ಲಿಟ್ಟು, ತಯಾರಕರಿಗೆ ಹಿಂದಿರುಗಿಸಬೇಕು ಅಥವಾ 1200 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಸುಡಿಸಬೇಕು ಎಂದು ನಿಯಮ ಹೇಳುತ್ತದೆ.

ಚೆನ್ನೈನ ಚೀಲ ಎಲ್ಲಿಗೆ ಹೋಗುತ್ತದೆ?

ಹಿಂದೆ ದೊಡ್ಡ ಆಸ್ಪತ್ರೆಗಳು ತಮ್ಮ ಹಿತ್ತಲಲ್ಲೇ ಸುಡುವ ಕುಲುಮೆ ಇಟ್ಟುಕೊಳ್ಳುವುದೇ ಸರಿ ಎಂಬ ಭಾವನೆ ಇತ್ತು. 1996ರಲ್ಲಿ ದೆಹಲಿಯ ಕಸದ ಬಗೆಗಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 50 ಅಥವಾ ಅದಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆಗಳಲ್ಲಿ ಇನ್ಸಿನರೇಟರ್ ಅಥವಾ ಅಷ್ಟೇ ಪರಿಣಾಮಕಾರಿಯಾದ ಬೇರೆ ವ್ಯವಸ್ಥೆ ಇರಬೇಕೆಂದಿತು. ಆದರೆ ವಾರ್ಡಿನ ಕಿಟಕಿಯ ಪಕ್ಕದಲ್ಲಿಯೇ ಹೊಗೆಕೊಳವೆ ಇದ್ದರೆ ಒಳಗಿರುವ ರೋಗಿಯ ಗತಿ ಏನು? ಚಿಕ್ಕ ಕುಲುಮೆಯನ್ನು ದಿನಕ್ಕೆ ಒಂದೆರಡು ಗಂಟೆ ಹೊತ್ತಿಸಿ ಆರಿಸಿದರೆ ಬೇಕಾದ ಶಾಖವೂ ನಿಲ್ಲುವುದಿಲ್ಲ. ಆದ್ದರಿಂದ ಈಗಿನ ನಿಯಮದಲ್ಲಿ 75 ಕಿಲೋಮೀಟರ್ ಒಳಗೆ ಸಾಮೂಹಿಕ ಸಂಸ್ಕರಣಾ ಘಟಕ ಇದ್ದರೆ ಆಸ್ಪತ್ರೆ ತನ್ನದೇ ಘಟಕ ಕಟ್ಟಿಕೊಳ್ಳುವಂತಿಲ್ಲ.

ಚೆನ್ನೈ ಆಸ್ಪತ್ರೆಗಳ ತ್ಯಾಜ್ಯ ಹೋಗುವುದು ಚೆಂಗಲ್ಪಟ್ಟು ಕಡೆಗೆ. ಅಲ್ಲಿ ತೆನ್ಮೇಲ್‌ಪಾಕ್ಕಂನಲ್ಲಿ ಒಂದು, ಮಧುರಾಂತಕಂ ತಾಲ್ಲೂಕಿನ ಕಿನ್ನಾರ್ ಗ್ರಾಮದಲ್ಲಿ ಇನ್ನೊಂದು ಸಾಮೂಹಿಕ ಘಟಕಗಳಿವೆ. ಪ್ರತಿ ಚೀಲಕ್ಕೂ ಬಾರ್‌ಕೋಡ್ ಚೀಟಿ ಅಂಟಿಸಿ, ತೂಕ ಬರೆದು, ಮುಚ್ಚಿದ ವಾಹನದಲ್ಲಿ ಸಾಗಿಸಬೇಕು. ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗೂ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಆಸ್ಪತ್ರೆ ಬರೆದ ಖರ್ಚೂ ಘಟಕ ಬರೆದ ಜಮೆಯೂ ತಾಳೆಯಾಗಬೇಕು. ತಾಳೆಯಾಗದಿದ್ದರೆ ನಡುವೆ ಎಲ್ಲೋ ಒಂದು ಚೀಲ ಕಾಣೆಯಾಗಿದೆ ಎಂದರ್ಥ.

ಚೀಲ ಕಾಣೆಯಾದರೆ ಏನಾಗುತ್ತದೆ? 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹರಡಿ ಹಲವರು ಸತ್ತರು. 2024ರ ಡಿಸೆಂಬರಿನಲ್ಲಿ ಕೇರಳದ ಆಸ್ಪತ್ರೆಗಳ ತ್ಯಾಜ್ಯ ನಮ್ಮ ರಾಜ್ಯದ ತಿರುನೆಲ್ವೇಲಿಯ ಹಳ್ಳಿಗಳಲ್ಲಿ ಬಂದು ಬಿದ್ದಿತ್ತು. ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠದ ಆದೇಶದ ಮೇಲೆ ಕೇರಳದವರು ಲಾರಿ ತಂದು ಅದನ್ನು ಹೊತ್ತೊಯ್ದರು. ನಮ್ಮ ಗುಂಡ್ಲುಪೇಟೆ ಗಡಿಯಲ್ಲೂ ಇಂಥ ಲಾರಿಗಳು ಸಿಕ್ಕಿಬಿದ್ದ ಸುದ್ದಿಯನ್ನು ಊರಿನ ಪತ್ರಿಕೆಗಳಲ್ಲಿ ಓದಿದ್ದೇವೆ. ವಿಲೇವಾರಿಗೆ ಹಣ ಕೊಡುವುದು ತಪ್ಪಿದರೆ ಸಾಕು ಎನ್ನುವವರು ಇರುವವರೆಗೂ ಈ ಲಾರಿಗಳು ಓಡುತ್ತಲೇ ಇರುತ್ತವೆ.

ಸುಡುವುದು ಎಂದರೆ ಬೆಂಕಿ ಹಚ್ಚುವುದಲ್ಲ

ಇನ್ಸಿನರೇಟರ್ ಎಂದರೆ ಮುಚ್ಚಿದ ಕೋಣೆಯ ಬೆಂಕಿ ಎಂದಷ್ಟೇ ನಾನು ತಿಳಿದಿದ್ದೆ. ವ್ಯವಸ್ಥೆ ಅದಕ್ಕಿಂತ ಸೂಕ್ಷ್ಮವಾದದ್ದು. ಅದರಲ್ಲಿ ಎರಡು ಕೋಣೆಗಳಿರುತ್ತವೆ. ಮೊದಲ ಕೋಣೆಯ ಶಾಖ ಕನಿಷ್ಠ 800 ಡಿಗ್ರಿ ಸೆಲ್ಸಿಯಸ್. ಇಲ್ಲಿ ಚೀಲದೊಳಗಿನ ವಸ್ತು ಸುಟ್ಟು ಬೂದಿಯೂ ಅನಿಲವೂ ಆಗುತ್ತದೆ. ಆ ಅನಿಲವನ್ನು ಹಾಗೆಯೇ ಹೊರಗೆ ಬಿಟ್ಟರೆ ಅದು ಬರೀ ವಿಷದ ಹೊಗೆ. ಆದ್ದರಿಂದ ಅದು ಎರಡನೆಯ ಕೋಣೆಗೆ ಹೋಗಬೇಕು. ಅಲ್ಲಿಯ ಶಾಖ 1050 ಡಿಗ್ರಿ, ಹೆಚ್ಚುಕಡಿಮೆ 50 ಡಿಗ್ರಿ ಆಚೀಚೆ. ಒಡವೆ ಸಾಲದ ಕೌಂಟರಿನಲ್ಲಿ ಕೂತವರಿಗೆ ಗೊತ್ತಿರುವಂತೆ ಚಿನ್ನ ಕರಗುವುದು 1064 ಡಿಗ್ರಿಯಲ್ಲಿ. ಅಂದರೆ ಅಕ್ಕಸಾಲಿಗನ ಮೂಸೆಯಷ್ಟು ಶಾಖದಲ್ಲಿ ಆ ಹೊಗೆ ಕನಿಷ್ಠ ಎರಡು ಸೆಕೆಂಡು ನಿಲ್ಲಬೇಕು. 1998ರ ನಿಯಮದಲ್ಲಿ ಒಂದು ಸೆಕೆಂಡು ಸಾಕಾಗಿತ್ತು. 2016ರಲ್ಲಿ ಅದನ್ನು ಎರಡು ಮಾಡಿದರು.

ಒಂದು ಸೆಕೆಂಡಿಗೆ ಇಷ್ಟು ಮಹತ್ವ ಏಕೆ? ಉತ್ತರ ಡಯಾಕ್ಸಿನ್ ಎಂಬ ವಿಷದಲ್ಲಿದೆ. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಅರೆಬರೆ ಸುಟ್ಟಾಗ ಡಯಾಕ್ಸಿನ್, ಫ್ಯುರಾನ್ ಎಂಬ ಸಂಯುಕ್ತಗಳು ಹುಟ್ಟುತ್ತವೆ. ಇವು ಬೇಗ ಅಳಿಯುವುದಿಲ್ಲ. ಹುಲ್ಲಿನ ಮೇಲೆ ಬಿದ್ದು ಹಸುವಿಗೆ, ಹಸುವಿನಿಂದ ಹಾಲಿಗೆ, ಹಾಲಿನಿಂದ ಮಗುವಿಗೆ ಸಾಗಿ ಕೊಬ್ಬಿನಲ್ಲಿ ಶೇಖರವಾಗುತ್ತವೆ. 1976ರ ಜುಲೈನಲ್ಲಿ ಇಟಲಿಯ ಸೆವೆಸೊ ಪಟ್ಟಣದ ಬಳಿ ರಾಸಾಯನಿಕ ಕಾರ್ಖಾನೆಯೊಂದರಿಂದ ಹೊರಬಿದ್ದ ಡಯಾಕ್ಸಿನ್‌ನಿಂದ ಸಾವಿರಾರು ಸಾಕುಪ್ರಾಣಿಗಳು ಸತ್ತು, ಮಕ್ಕಳ ಚರ್ಮದ ಮೇಲೆ ಗುಳ್ಳೆಗಳೆದ್ದವು. 2001ರ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಡಯಾಕ್ಸಿನ್ ಹೊರಬೀಳುವ ಮೂಲಗಳ ಪಟ್ಟಿಯಲ್ಲಿ ವೈದ್ಯಕೀಯ ತ್ಯಾಜ್ಯದ ಇನ್ಸಿನರೇಟರುಗಳನ್ನೂ ಹೆಸರಿಸಲಾಗಿದೆ. ಭಾರತ ಅದನ್ನು 2006ರಲ್ಲಿ ಅನುಮೋದಿಸಿತು.

ಎರಡನೆಯ ಕೋಣೆಯ ಶಾಖದಲ್ಲಿ ಡಯಾಕ್ಸಿನ್ ಒಡೆದುಹೋಗುತ್ತದೆ. ಆದರೆ ಹೊಗೆ ತಣ್ಣಗಾಗುವಾಗ, ಸುಮಾರು 450ರಿಂದ 200 ಡಿಗ್ರಿಗೆ ಇಳಿಯುವ ಹಾದಿಯಲ್ಲಿ, ಅದು ಮತ್ತೆ ಕೂಡಿಕೊಳ್ಳಬಲ್ಲದು. ಆದ್ದರಿಂದ ಹೊಗೆಯನ್ನು ನೀರು ಸಿಂಪಡಿಸಿ ಥಟ್ಟನೆ ತಣಿಸಿ ಆ ಹಂತವನ್ನು ದಾಟಿಸುತ್ತಾರೆ. ಆಮೇಲೆ ಕ್ಷಾರದ ನೀರಿನಲ್ಲಿ ತೊಳೆದು ಆಮ್ಲವನ್ನು ಕಳೆಯುತ್ತಾರೆ. ಕೊನೆಗೆ ಕನಿಷ್ಠ 30 ಮೀಟರ್ ಎತ್ತರದ ಕೊಳವೆಯಿಂದ ಹೊರಗೆ ಬಿಡುತ್ತಾರೆ. ಒಂದು ಘನ ಮೀಟರ್ ಹೊಗೆಯಲ್ಲಿ ಡಯಾಕ್ಸಿನ್ ಮತ್ತು ಫ್ಯುರಾನ್ 0.1 ನ್ಯಾನೊಗ್ರಾಂ ಮೀರಬಾರದು. ನ್ಯಾನೊಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು.

ಲೆಕ್ಕದವರಿಗೆ ಇಷ್ಟವಾಗುವ ಇನ್ನೊಂದು ಅಳತೆಯೂ ಇದೆ. ಚೆನ್ನಾಗಿ ಸುಟ್ಟರೆ ಇಂಗಾಲವೆಲ್ಲ ಕಾರ್ಬನ್ ಡೈ ಆಕ್ಸೈಡ್ ಆಗುತ್ತದೆ, ಅರೆಬೆಂದರೆ ಕಾರ್ಬನ್ ಮೊನಾಕ್ಸೈಡ್ ಉಳಿಯುತ್ತದೆ. ಈ ಎರಡನ್ನೂ ಕೂಡಿ ನೂರು ಎಂದು ಹಿಡಿದರೆ ಮೊದಲನೆಯದು ಕನಿಷ್ಠ 99 ಇರಬೇಕು. 98 ಬಂದರೂ ಕುಲುಮೆ ನಪಾಸು.

ಉಳಿಯುವ ಬೂದಿಯೂ ಅಡಿಗೆಮನೆಯ ಬೂದಿಯಲ್ಲ. ಅದರಲ್ಲಿ ಭಾರಲೋಹಗಳು ಮಿತಿ ಮೀರಿದ್ದರೆ ಅದನ್ನು ಅಪಾಯಕಾರಿ ತ್ಯಾಜ್ಯವೆಂದೇ ಎಣಿಸಿ, ಕೆಳಗೆ ನೀರು ಇಳಿಯದಂತೆ ಹಾಸು ಹಾಕಿದ ಭದ್ರ ಗುಂಡಿಯಲ್ಲಿ ಹೂಳಬೇಕು. ಚೆನ್ನೈನ ಉತ್ತರಕ್ಕೆ ಗುಮ್ಮಿಡಿಪೂಂಡಿಯಲ್ಲಿ ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯಕ್ಕಾಗಿ ಅಂಥ ವ್ಯವಸ್ಥೆ ಇದೆ.

ಹಾಗಾದರೆ ಎಲ್ಲವನ್ನೂ ಸುಡಬಾರದೇಕೆ?

ಇಷ್ಟು ಓದಿದ ಮೇಲೆ ಉತ್ತರ ನಿಮಗೇ ಹೊಳೆದಿರಬೇಕು. ಕೆಂಪು ಚೀಲದ ಪ್ಲಾಸ್ಟಿಕ್ ಹಳದಿ ಚೀಲಕ್ಕೆ ಬಿದ್ದರೆ ಕುಲುಮೆಯಲ್ಲಿ ಡಯಾಕ್ಸಿನ್‌ಗೆ ಕಚ್ಚಾವಸ್ತು ಹೆಚ್ಚುತ್ತದೆ. ಕ್ಲೋರಿನ್ ಇರುವ ಪ್ಲಾಸ್ಟಿಕ್ಕಿನಿಂದ ತ್ಯಾಜ್ಯದ ಚೀಲಗಳನ್ನು ಮಾಡಬಾರದೆಂದು ನಿಯಮ ಹೇಳಿರುವುದೂ ಇದೇ ಕಾರಣಕ್ಕೆ. ರಿಸರ್ವ್ ಬ್ಯಾಂಕು ಕೂಡ ಒಂದು ಕಾಲದಲ್ಲಿ ಹಳೆಯ ನೋಟುಗಳನ್ನು ಸುಡುತ್ತಿತ್ತು. ಈಗ ಯಂತ್ರದಲ್ಲಿ ಕತ್ತರಿಸಿ ಇಟ್ಟಿಗೆಯಂತೆ ಒತ್ತುತ್ತದೆ. ಸುಡುವುದೇ ಎಲ್ಲಕ್ಕೂ ಮದ್ದಲ್ಲ. ಬೇರೆ ದಾರಿ ಇಲ್ಲದ್ದಕ್ಕೆ ಮಾತ್ರ ಬೆಂಕಿ, ಉಳಿದದ್ದಕ್ಕೆ ಹಬೆ.

ಚೆಂಗಲ್ಪಟ್ಟಿನ ಹಳ್ಳಿಯವರ ದೃಷ್ಟಿಯಿಂದಲೂ ಇದನ್ನು ನೋಡಬೇಕು. ನಮ್ಮ ಚಿಕಿತ್ಸೆ ನಗರದಲ್ಲಿ, ಅದರ ಹೊಗೆ ಅವರ ಊರಿನಲ್ಲಿ. ನಗರದ ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬರು ಕೆಂಪು ಹಳದಿ ಕಲೆಸಿದರೆ ಅದರ ಫಲ ಉಣ್ಣುವವರು ಎಪ್ಪತ್ತು ಎಂಬತ್ತು ಕಿಲೋಮೀಟರ್ ದೂರದಲ್ಲಿರುತ್ತಾರೆ.

ಈಗ ಬಿಲ್ಲಿಗೆ ಬರೋಣ

ಘಟಕಗಳು ಆಸ್ಪತ್ರೆಯಿಂದ ಸಾಮಾನ್ಯವಾಗಿ ಹಾಸಿಗೆಯ ಲೆಕ್ಕದಲ್ಲಿ ಅಥವಾ ತೂಕದ ಲೆಕ್ಕದಲ್ಲಿ ಶುಲ್ಕ ಪಡೆಯುತ್ತವೆ. ಆ ಸೇವೆಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಶೇ. 12 ಬಂತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕೆ ಇಳಿದಿದೆ. (ತ್ಯಾಜ್ಯದ ವಾಹನ ಚೆಂಗಲ್ಪಟ್ಟಿಗೆ ಹೋಗುವುದೂ ಜಿಎಸ್‌ಟಿ ರಸ್ತೆಯಲ್ಲೇ ಎಂಬುದು ಚೆನ್ನೈನವರಿಗೆ ಮಾತ್ರ ಅರ್ಥವಾಗುವ ತಮಾಷೆ.) ಉದಾಹರಣೆಗೆ, ಘಟಕದ ತಿಂಗಳ ಶುಲ್ಕ 10,000 ರೂಪಾಯಿ ಎಂದಿಟ್ಟುಕೊಂಡರೆ ತೆರಿಗೆ 1,200 ಇದ್ದದ್ದು 500 ಆಯಿತು. ಆಸ್ಪತ್ರೆಯ ಚಿಕಿತ್ಸೆಗೆ ಬಹುಮಟ್ಟಿಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಈ ತೆರಿಗೆಯನ್ನು ಆಸ್ಪತ್ರೆ ವಾಪಸು ಪಡೆಯುವಂತಿಲ್ಲ. ಅದು ಅದರ ಖರ್ಚಿಗೇ ಸೇರುತ್ತದೆ. ಕೆಲವು ಆಸ್ಪತ್ರೆಗಳು ಈ ಖರ್ಚನ್ನು ಕೊಠಡಿ ಬಾಡಿಗೆಯಲ್ಲಿ ಸೇರಿಸುತ್ತವೆ, ಕೆಲವು ಪ್ರತ್ಯೇಕ ಸಾಲಾಗಿ ತೋರಿಸುತ್ತವೆ.

ಆದ್ದರಿಂದ ನನ್ನ ಉತ್ತರ ಇಷ್ಟು. ಸಾಲು ಇರುವುದು ತಪ್ಪಲ್ಲ. ಮೊತ್ತ ನ್ಯಾಯವೇ ಎಂದು ನೋಡಬೇಕು. ಒಂದು ಬಿಲ್ಲಿನಲ್ಲಿ ಕೊಠಡಿಯ ಪ್ಯಾಕೇಜಿನೊಳಗೂ ಕೊನೆಯ ಸಾಲಿನಲ್ಲೂ ಎರಡು ಸಲ ಹಾಕಿದ್ದನ್ನು ನಾವು ಪತ್ರ ಬರೆದು ತೆಗೆಸಿದ್ದೇವೆ. ಹಾಗೆಯೇ ಸಣ್ಣ ಲ್ಯಾಬು, ಕ್ಲಿನಿಕ್ಕುಗಳು ತೀರಾ ಅಗ್ಗ ಎಂದು ಕಂಡಾಗ ಅವರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪತ್ರ ಇದೆಯೇ, ಚೀಲ ಯಾರು ಒಯ್ಯುತ್ತಾರೆ ಎಂದು ಕೇಳುವುದು ತಪ್ಪಲ್ಲ.

ನಮ್ಮ ಮನೆಯ ಸೂಜಿ

ಆಸ್ಪತ್ರೆಯನ್ನು ಪ್ರಶ್ನಿಸುವ ನಾವು ನಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ನಮ್ಮ ಸದಸ್ಯರಲ್ಲಿ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವವರು ಎಷ್ಟು ಮಂದಿ! ಆ ಸೂಜಿ ಎಲ್ಲಿಗೆ ಹೋಗುತ್ತದೆ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಸ ಎತ್ತುವ ತಾಯಿಯೊಬ್ಬರು ಒಂದು ಬೆಳಿಗ್ಗೆ ಬೆರಳು ಹಿಡಿದುಕೊಂಡು ನಿಂತಿದ್ದರು. “ಊಸಿ ಕುತ್ತಿಡುಚ್ಚು ಸಾರ್” ಎಂದರು. ಹಾಲಿನ ಕವರಿನಲ್ಲಿ ಸುತ್ತಿ ಎಸೆದ ಸೂಜಿ. ಯಾವ ಮನೆಯದೆಂದು ತಿಳಿಯುವ ದಾರಿ ಇರಲಿಲ್ಲ. ರಕ್ತಪರೀಕ್ಷೆ, ಲಸಿಕೆ, ಮತ್ತೆ ತಿಂಗಳುಗಟ್ಟಲೆ ಕಾಯುವ ಭಯ, ಇದೆಲ್ಲ ಅವರ ಪಾಲಿಗೆ ಬಂತು. ದೇವರ ದಯೆ, ಏನೂ ಆಗಲಿಲ್ಲ.

ವೈದ್ಯರು ಹೇಳುವ ಒಂದು ಲೆಕ್ಕ ಹೀಗಿದೆ: ಸೋಂಕಿತ ರಕ್ತದ ಸೂಜಿ ಚುಚ್ಚಿದರೆ, ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ ಸುಮಾರು 30ರವರೆಗೆ, ಹೆಪಟೈಟಿಸ್ ಸಿ ಸುಮಾರು 3, ಎಚ್‌ಐವಿ ಸುಮಾರು 0.3. ಆಸ್ಪತ್ರೆಯ ತ್ಯಾಜ್ಯ ಮುಟ್ಟುವ ಕೆಲಸಗಾರರಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಲೇಬೇಕೆಂದು ನಿಯಮವಿದೆ. ನಮ್ಮ ಬೀದಿಯ ಕಸ ಎತ್ತುವವರಿಗೂ ಕೊಡುಂಗೈಯೂರು, ಪೆರುಂಗುಡಿ ಕಸದ ಗುಡ್ಡೆಗಳಲ್ಲಿ ಆಯುವವರಿಗೂ ಆ ರಕ್ಷಣೆ ಎಲ್ಲಿಂದ ಬರಬೇಕು?

2016ರ ಘನತ್ಯಾಜ್ಯ ನಿಯಮಗಳು ಮನೆಯ ಸೂಜಿ, ಸಿರಿಂಜು, ಅವಧಿ ಮೀರಿದ ಔಷಧ, ಒಡೆದ ಪಾದರಸದ ಥರ್ಮಾಮೀಟರುಗಳನ್ನು ಗೃಹ ಅಪಾಯಕಾರಿ ತ್ಯಾಜ್ಯ ಎಂದು ಪಟ್ಟಿಮಾಡಿದ್ದವು. ಇವನ್ನು ಬೇರೆಯೇ ಇಟ್ಟು ಕೊಡಬೇಕು. ಮಾಡಬೇಕಾದದ್ದು ಕಷ್ಟವೇನಲ್ಲ. ಗಟ್ಟಿ ಪ್ಲಾಸ್ಟಿಕ್ಕಿನ, ತಿರುಗಣೆ ಮುಚ್ಚಳದ ಒಂದು ಖಾಲಿ ಡಬ್ಬ ಇಟ್ಟುಕೊಳ್ಳಿ. ಚುಚ್ಚಿಕೊಂಡ ಕೂಡಲೇ ಸೂಜಿ ಅದರೊಳಗೆ. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು, ಟೇಪು ಸುತ್ತಿ, ಮೇಲೆ ತಮಿಳಿನಲ್ಲಿ ‘ಊಸಿ’ ಎಂದು ದೊಡ್ಡದಾಗಿ ಬರೆಯಿರಿ. ಎತ್ತುವವರು ಓದಬೇಕಾದದ್ದು ಅದು, ನಾವಲ್ಲ. ನೀವು ಹೋಗುವ ಆಸ್ಪತ್ರೆಯವರು ಒಪ್ಪಿದರೆ ಅಲ್ಲಿಗೇ ಕೊಡಿ. ಇಲ್ಲವಾದರೆ ಕಾರ್ಪೊರೇಷನ್ನಿನ ಕಸದ ಗಾಡಿಯವರಿಗೆ ಕೈಯಲ್ಲೇ, ಹೇಳಿ ಕೊಡಿ.

ನಮ್ಮ ಸಂಘದ ಪಾಲು

ರಕ್ತದಾನ ಶಿಬಿರ, ಲಸಿಕೆ ಶಿಬಿರ, ವೈದ್ಯಕೀಯ ಶಿಬಿರಗಳೂ 2016ರ ನಿಯಮಗಳ ವ್ಯಾಪ್ತಿಗೆ ಬರುತ್ತವೆ. ನಾವು ನಡೆಸುವ ಉಚಿತ ಸಕ್ಕರೆ ತಪಾಸಣೆಯಲ್ಲೂ ತಲೆಗೊಂದು ಸೂಜಿ ಬಳಕೆಯಾಗುತ್ತದೆ. ಆದ್ದರಿಂದ ಮುಂದಿನ ಶಿಬಿರದಿಂದ, ಸಹಕರಿಸುವ ಆಸ್ಪತ್ರೆಯೇ ತ್ಯಾಜ್ಯವನ್ನು ಬಣ್ಣವಾರು ಒಯ್ದು, ತೂಕ ಬರೆದ ಚೀಟಿ ನಮಗೆ ಕೊಡಬೇಕೆಂದು ಒಪ್ಪಂದದಲ್ಲೇ ಬರೆಸಲು ಸಮಿತಿಯ ಮುಂದೆ ಸಲಹೆ ಇಟ್ಟಿದ್ದೇನೆ.

ಎರಡನೆಯದಾಗಿ, ನಮ್ಮ ನಿಧಿಯಿಂದ ನೆರವು ಪಡೆಯುವ ಮಧುಮೇಹ ಮತ್ತು ಮೂತ್ರಪಿಂಡ ರೋಗಿಗಳ ಮನೆಗೆ ಒಂದೊಂದು ಸೂಜಿ ಡಬ್ಬ ಕೊಡಬೇಕೆಂದಿದ್ದೇವೆ. ಖರ್ಚು ದೊಡ್ಡದಲ್ಲ. ಆದರೆ ಔಷಧಕ್ಕೆಂದು ಕೊಟ್ಟ ಹಣದಿಂದ ಇದನ್ನು ತೆಗೆಯದೆ ಪ್ರತ್ಯೇಕ ಶೀರ್ಷಿಕೆಯಲ್ಲಿ ಲೆಕ್ಕ ಇಡುವುದು ಸರಿಯೆಂದು ನನ್ನ ಅಭಿಪ್ರಾಯ. ಇಷ್ಟಪಡುವ ದಾನಿಗಳು ಚೆಕ್ಕಿನ ಹಿಂದೆ ಅಥವಾ ವರ್ಗಾವಣೆಯ ಟಿಪ್ಪಣಿಯಲ್ಲಿ ‘ಸೂಜಿ ಡಬ್ಬ’ ಎಂದು ಬರೆದರೆ ಆ ಹಣ ಅದಕ್ಕೇ ಹೋಗುತ್ತದೆ. ವರ್ಷದ ಕೊನೆಗೆ ಜಮೆ ಖರ್ಚು ಈ ಪತ್ರಿಕೆಯಲ್ಲೇ ಅಚ್ಚಾಗುತ್ತದೆ.

ವೈದ್ಯಕೀಯ ನೆರವು ನಿಧಿಗೆ ಎಂದಿನಂತೆ ನಿಮ್ಮ ದೇಣಿಗೆ ಬರಲಿ. ಅರ್ಜಿಗಳು ಹೆಚ್ಚಿವೆ, ಊರಿನಿಂದ ಚೆನ್ನೈಗೆ ಚಿಕಿತ್ಸೆಗೆಂದು ಬರುವ ಕನ್ನಡಿಗರೂ ಹೆಚ್ಚುತ್ತಿದ್ದಾರೆ. ರೋಗಿ ಗುಣವಾಗಿ ಮನೆಗೆ ಹೋಗುವುದು ನಮ್ಮ ಸಂತೋಷ. ಅವರ ಹಾಸಿಗೆಯ ಪಕ್ಕದಿಂದ ಹೊರಟ ಚೀಲ ಇನ್ನೊಬ್ಬರನ್ನು ರೋಗಿಯಾಗಿಸದೆ ಮುಗಿಯುವುದು ನಮ್ಮ ಹೊಣೆ. ಬಿಲ್ಲಿನ ಆ ಕೊನೆಯ ಸಾಲಿನ ಬಗ್ಗೆ ಇನ್ನೂ ಸಂದೇಹವಿದ್ದವರು ಭಾನುವಾರ ಬೆಳಿಗ್ಗೆ ಸಂಘದ ಕಚೇರಿಗೆ ಬನ್ನಿ. ಕಡತ ತೆರೆದು ತೋರಿಸುತ್ತೇನೆ.